ಕೆಲಸ ಬದಲಾದ ಕೂಡಲೇ ಕಣ್ಣು ಯಾಕೆ ತಡಕಾಡುತ್ತದೆ?

ಪ್ರಶ್ನೆ: ನನಗೆ 43 ವರ್ಷ. ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ದಿನವಿಡೀ ಬಿಲ್ಲುಗಳನ್ನು ಲೆಕ್ಕಕ್ಕೆ ತಾಳೆ ನೋಡುತ್ತೇನೆ. ನಡುನಡುವೆ ಪಾರ್ಟಿಗಳ ವಾಟ್ಸಾಪ್ ಮೆಸೇಜು. ಉತ್ತರ ಹಾಕಿ ತಿರುಗಿದರೆ ಕಣ್ಣು ತಪ್ಪು ಕಾಲಮ್ಮಿಗೆ ಹೋಗುತ್ತದೆ, ಸಾಲು ಸಿಗುವುದಿಲ್ಲ. ಟೆಸ್ಟ್ ಮಾಡಿಸಿದೆ, ಈಗಿರುವ ಚಾಳೀಸೇ ಸರಿ ಇದೆ ಅಂದರು. ಮತ್ತೆ ತೊಂದರೆ ಎಲ್ಲಿ ಸರ್?

ಉತ್ತರ: ಕನ್ನಡಕದ ತಪ್ಪಲ್ಲ ಮೇಡಂ. ಕಣ್ಣು ಮುಂದೆ ಎಲ್ಲಿಗೆ ಹೋಗಬೇಕು ಅಂತ ಮಿದುಳು ಮೊದಲೇ ಗೊತ್ತು ಮಾಡಿಕೊಳ್ಳುತ್ತದೆ. ಎಡವಟ್ಟು ಆಗುತ್ತಿರುವುದು ಅಲ್ಲಿ.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮ ಜಾರುವುದಿಲ್ಲ. ನೆಗೆಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಈ ನೆಗೆತಕ್ಕೆ ಸ್ಯಾಕೇಡ್ ಅನ್ನುತ್ತಾರೆ. ನಿಂತಿರುವ ಆ ಚೂರು ಹೊತ್ತಿನಲ್ಲೇ ಮುಂದಿನ ನೆಗೆತದ ತಯಾರಿ ನಡೆದಿರುತ್ತದೆ. ಆ ತಯಾರಿ ನೀವು ಮಾಡುತ್ತಿರುವ ಕೆಲಸವನ್ನು ನೋಡಿಕೊಂಡೇ ಆಗುತ್ತದೆ. ಸೋವಿಯತ್ ವಿಜ್ಞಾನಿ ಯಾರ್ಬುಸ್ ಇದನ್ನು ಚೆನ್ನಾಗಿ ತೋರಿಸಿದ್ದರು. ಕಲಾವಿದ ರೆಪಿನ್ ಬಿಡಿಸಿದ, ಒಂದು ಮನೆಯವರಿರುವ ಒಂದೇ ಚಿತ್ರವನ್ನು ಮುಂದಿಟ್ಟು, ಒಮ್ಮೆ ಇವರಿಗೆಲ್ಲ ಎಷ್ಟು ವಯಸ್ಸು ಎಂದು ಕೇಳಿದರು. ಇನ್ನೊಮ್ಮೆ ಈ ಮನೆಯವರು ಎಷ್ಟು ಅನುಕೂಲಸ್ಥರು ಎಂದು ಕೇಳಿದರು. ಪ್ರಶ್ನೆ ಬದಲಾದಂತೆ ಕಣ್ಣಿನ ದಾರಿಯೂ ಬದಲಾಯಿತು.

ಈಗ ನಿಮ್ಮ ಮೇಜಿಗೆ ಬನ್ನಿ. ಬಿಲ್ಲಿನಲ್ಲಿ ಕಣ್ಣು ಅಂಕಿಯಿಂದ ಅಂಕಿಗೆ, ಮೇಲಿಂದ ಕೆಳಕ್ಕೆ ಓಡುತ್ತದೆ. ಮೆಸೇಜಿನಲ್ಲಿ ಎಡದಿಂದ ಬಲಕ್ಕೆ. ಕೆಲಸ ಬದಲಾಯಿತು ಅಂತ ಹಳೇ ನಿಯಮ ತಕ್ಷಣ ಹೋಗುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಟ್ಟರೂ ಮನೆ ಖಾಲಿ ಮಾಡದ ಬಾಡಿಗೆದಾರರ ಹಾಗೆ ಕೂತಿರುತ್ತದೆ.

ಲ್ಯಾಬಿನಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಚುಕ್ಕೆ ಬಲಕ್ಕೆ ಬಂದರೆ ಎಡಕ್ಕೆ ನೋಡಬೇಕು. ಚುಕ್ಕೆಯತ್ತಲೇ ನೋಡಲು ಸುಮಾರು 0.2 ಸೆಕೆಂಡು ಸಾಕು. ಉಲ್ಟಾ ನೋಡಲು ಇನ್ನೂ ಜಾಸ್ತಿ ಹೊತ್ತು ಬೇಕು, ತಪ್ಪೂ ಜಾಸ್ತಿ. ಎರಡು ನಿಯಮವನ್ನೂ ಕಲಸಿ ಕೊಟ್ಟರೆ, ಹಿಂದಿನ ಸಲದ ನಿಯಮ ಈ ಸಲದ ನೆಗೆತಕ್ಕೂ ಅಡ್ಡ ಬರುತ್ತದೆ. ಮುಂದೆ ಯಾವ ನಿಯಮ ಅಂತ ಮೊದಲೇ ಹೇಳಿಬಿಟ್ಟರೆ ಸರಿಹೋಗುತ್ತದಾ? ಮನಶ್ಶಾಸ್ತ್ರಜ್ಞರಾದ ರೋಜರ್ಸ್ ಮತ್ತು ಮಾನ್ಸೆಲ್ 1995ರಲ್ಲಿ ಗುಂಡಿ ಒತ್ತಿಸುವ ಪ್ರಯೋಗದಲ್ಲಿ ಇದನ್ನೇ ನೋಡಿದರು. ತಯಾರಾಗಲು ಸಮಯ ಕೊಟ್ಟಾಗ ತಡ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆದರೆ ಎಲ್ಲಾ ತಪ್ಪನ್ನೂ ಇದರ ಮೇಲೆ ಹಾಕಬೇಡಿ. ಈ ತಡ ಸೆಕೆಂಡಿನ ಒಂದು ಚೂರು ಅಷ್ಟೇ. ಸಾಲು ಕಳೆದುಹೋಗುವುದರಲ್ಲಿ ಎಲ್ಲಿ ನಿಲ್ಲಿಸಿದ್ದೆ ಅನ್ನುವ ನೆನಪು ಅಳಿಸುವುದೂ ಸೇರಿದೆ. ಇದಕ್ಕೆ ಸುಲಭದ ಉಪಾಯ ಇದೆ. ಫೋನ್ ಎತ್ತುವ ಮೊದಲು ಆ ಸಾಲಿಗೆ ಹಳದಿ ಬಣ್ಣ ಹಾಕಿಬಿಡಿ. ಕಾಗದದ ಬಿಲ್ಲಾದರೆ ಸ್ಕೇಲ್ ಇಡಿ. ವಾಪಸ್ ಬಂದಾಗ ಕಣ್ಣಿಗೆ ನೆಗೆಯಲು ಒಂದು ಗುರುತು ಇರುತ್ತದೆ. ಮೆಸೇಜುಗಳಿಗೆ ಒಂದೊಂದಾಗಿ ಅಲ್ಲ, ಒಟ್ಟಿಗೆ ಉತ್ತರ ಕೊಡಿ. ಪಾರ್ಟಿಗಳು ಅರ್ಧ ಗಂಟೆ ಕಾಯುತ್ತಾರೆ, ಜಿಎಸ್‌ಟಿಯ 20ನೇ ತಾರೀಖು ಕಾಯುವುದಿಲ್ಲ ಅಲ್ವಾ!

ಒಂದು ಮಾತು ಮಾತ್ರ ಗಮನಿಸಿ. ಕೆಲಸ ಬದಲಾಯಿಸದೆ ಸುಮ್ನೆ ಓದುವಾಗಲೂ ಸಾಲು ತಪ್ಪುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು, ಎರಡೂ ಕಣ್ಣು ಒಟ್ಟಿಗೆ ತಿರುಗುತ್ತವೆಯಾ ಅಂತಲೂ ನೋಡಬೇಕು. ಇದ್ದಕ್ಕಿದ್ದಂತೆ ಎರಡೆರಡು ಕಾಣಲು ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.