ಟೈಮಿಂಗ್ ಚೈನ್ ಗುರುತು ಅರ್ಧ ಹಲ್ಲು ಸರಿದು ನಿಲ್ಲುವುದೇಕೆ?

ಪ್ರಶ್ನೆ: ನನ್ನ ಹಳೆಯ 97.2 ಸಿಸಿ ಸ್ಪ್ಲೆಂಡರ್ ಬೈಕಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ಟೈಮಿಂಗ್ ಚೈನ್ ಹಾಕಿ ನಾನೇ ಎಂಜಿನ್ ಜೋಡಿಸಿದ್ದೇನೆ. ಕಿಕ್ ತುಂಬ ಹಗುರಾಗಿದೆ, ಎಡಬದಿಯಲ್ಲಿ ಕರಕರ ಸದ್ದಿದೆ, ಟೈಮಿಂಗ್ ಗುರುತುಗಳು ಅರ್ಧ ಹಲ್ಲಿನಷ್ಟು ಹೊಂದುತ್ತಿಲ್ಲ. ಹೆಡ್ಡನ್ನು ಲೇತ್‌ನಲ್ಲಿ ಸ್ವಲ್ಪ ಮಟ್ಟ ಮಾಡಿಸಿದ್ದೇ ಕಾರಣವೇ?

ಉತ್ತರ: ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸಿ. ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕಿಗೂ ವಾಲ್ವುಗಳನ್ನು ತೆರೆಯುವ ಕ್ಯಾಮಿಗೂ ತಾಳ ಹೊಂದಿಸುವುದೇ ಟೈಮಿಂಗ್ ಚೈನಿನ ಕೆಲಸ. ಆ ಟೈಮಿಂಗ್ ಹೆಚ್ಚು ತಪ್ಪಿದ್ದರೆ ವಾಲ್ವು ಪಿಸ್ಟನ್ನಿಗೆ ತಾಗಿ ಬಾಗುವ ಅಪಾಯವಿದೆ.

ಹೆಡ್ಡು, ಅಂದರೆ ಸಿಲಿಂಡರಿನ ಮುಚ್ಚಳ, ತೆಳ್ಳಗಾದರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ಗುರುತು ಸರಿಯುವುದರಿಂದ ನಿಮ್ಮ ಅನುಮಾನ ಸಹಜ, ಆದರೂ ಲೆಕ್ಕಕ್ಕೆ ಹೊಂದುವುದಿಲ್ಲ. ಸಣ್ಣ ಬೈಕುಗಳ ಟೈಮಿಂಗ್ ಚೈನಿನಲ್ಲಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 6.35 ಮಿ.ಮೀ. ಅಂತರವಿರುತ್ತದೆ, ಅರ್ಧ ಹಲ್ಲೆಂದರೆ 3 ಮಿ.ಮೀ.ಗೂ ಹೆಚ್ಚು, ಅಷ್ಟು ಲೋಹವನ್ನು ಯಾವ ಲೇತಿನವರೂ ಹೆಡ್ಡಿನಿಂದ ತೆಗೆಯುವುದಿಲ್ಲ. ಹಾಗಾಗಿ ಚೈನಿನ ಸಡಿಲು ತಪ್ಪು ಬದಿಯಲ್ಲಿ ಉಳಿದಿರಬೇಕು, ಇಲ್ಲವೇ ಪಿಸ್ಟನ್ ತೀರ ಮೇಲಿರುವುದನ್ನು ತೋರಿಸುವ, ಮ್ಯಾಗ್ನೆಟ್ಟಿನ (ಕ್ರ್ಯಾಂಕಿನ ಎಡತುದಿಯ ಚಕ್ರದ) ‘ಟಿ’ ಗುರುತೇ ಸುಳ್ಳು ಹೇಳುತ್ತಿರಬೇಕು.

ಪ್ಲಗ್ ಬಿಚ್ಚಿ, ಮ್ಯಾಗ್ನೆಟ್ಟನ್ನು ಎಡಬದಿಯಿಂದ ನೋಡಿದಂತೆ ಅಪ್ರದಕ್ಷಿಣವಾಗಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ‘ಟಿ’ ಗುರುತು ಹೊಂದಿದಲ್ಲಿ ನಿಲ್ಲಿಸಿ. ಸ್ವಲ್ಪ ಮುಂದೆ ಹೋಯಿತೆಂದು ಹಿಂದಕ್ಕೆ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದೊಡನೆ ಸಡಿಲು ಎಳೆಯುವ ಬದಿಗೆ ಬಂದು, ನೀವು ಈಗ ನೋಡುತ್ತಿರುವ ಅರ್ಧ ಹಲ್ಲಿನ ವ್ಯತ್ಯಾಸವೇ ಮತ್ತೆ ಕಾಣಿಸುತ್ತದೆ. ‘ಟಿ’ ಹೊಂದಿ ನಿಂತ ಸ್ಥಿತಿಯಲ್ಲಿ ಕ್ಯಾಮ್ ಚಕ್ರದ ಸೊನ್ನೆ ಗುರುತು ಹೆಡ್ಡಿನ ಕಚ್ಚಿಗೆ ನೇರವಾಗಿ ನಿಲ್ಲಬೇಕು. ಸೊನ್ನೆ ನೇರ ವಿರುದ್ಧ ದಿಕ್ಕಿನಲ್ಲಿ ಕಂಡರೆ ಗಾಬರಿ ಬೇಡ, ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದೇ ಸುತ್ತುವುದರಿಂದ ಇನ್ನೊಂದು ಸುತ್ತಿಗೆ ಅದು ತನ್ನ ಜಾಗಕ್ಕೆ ಬರುತ್ತದೆ.

ಆಮೇಲೂ ಹೊಂದದಿದ್ದರೆ ಪ್ಲಗ್ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಇಟ್ಟು, ಪಿಸ್ಟನ್ ಅದನ್ನು ಹೊರಕ್ಕೆ ತಳ್ಳುವುದು ನಿಂತ ಜಾಗವನ್ನು ‘ಟಿ’ ಗುರುತಿನೊಂದಿಗೆ ಹೋಲಿಸಿ ನೋಡಿ. ಎರಡಕ್ಕೂ ಸ್ಪಷ್ಟ ವ್ಯತ್ಯಾಸವಿದ್ದರೆ ಮ್ಯಾಗ್ನೆಟ್ಟಿನೊಳಗಿನ ಅರ್ಧಚಂದ್ರಾಕಾರದ ಕೀ ಮುರಿದಿದೆ ಅಥವಾ ಜೋಡಿಸುವಾಗ ಜಾರಿದೆ ಎಂದೇ ತಿಳಿಯಿರಿ. ಸ್ಟ್ರಾ ಮತ್ತು ‘ಟಿ’ ಒಂದಾಗಿ, ಸೊನ್ನೆ ಮಾತ್ರ ಸರಿದಿದ್ದರೆ ಚೈನನ್ನು ಒಂದು ಹಲ್ಲು ಬದಲಿಸಿ ಹಾಕಿ. 28 ಹಲ್ಲಿನ ಕ್ಯಾಮ್ ಚಕ್ರದಲ್ಲಿ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 26 ಡಿಗ್ರಿ ತಪ್ಪಿದಂತೆ. ಕ್ಯಾಮ್ ಅಷ್ಟು ಹಿಂದುಳಿದಾಗ ಇನ್ಲೆಟ್ ವಾಲ್ವು ತಡವಾಗಿ ಮುಚ್ಚಿ, ಒಳಗೆ ಬಂದ ಗಾಳಿ ವಾಪಸು ಹೋಗುತ್ತದೆ. ಹಗುರಾದ ಕಿಕ್ಕಿಗೆ ಇದೇ ಕಾರಣವಿರಬಹುದು.

ಇನ್ನು ಸದ್ದಿನ ವಿಷಯ. ಎಲ್ಲವೂ ಹೊಂದಿ ಎಂಜಿನ್ ನಡೆದ ಮೇಲೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಎಡಬದಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿ. ಟ್ಯಾಪೆಟ್ (ವಾಲ್ವಿನ ಮೇಲಿನ ಸಣ್ಣ ಸಂದನ್ನು ಹೊಂದಿಸುವ ಸ್ಕ್ರೂ) ಸದ್ದು ಒಂದೇ ತಾಳದಲ್ಲಿ ಟಿಕ್ ಟಿಕ್ ಎನ್ನುತ್ತದೆ. ಚೈನಿನದು ತಾಳವಿಲ್ಲದ ಕರಕರ, ಆಕ್ಸಿಲರೇಟರ್ ಬಿಟ್ಟ ಕ್ಷಣ ಜೋರಾಗುತ್ತದೆ. ಹೊಸ ಚೈನಿಗೂ ಹಾಗೆ ಕೇಳಿದರೆ ಟೆನ್ಷನರಿನ (ಚೈನನ್ನು ಬಿಗಿಯಾಗಿಡುವ ಸಾಧನದ) ಪುಶ್ ರಾಡ್ ಅಂಟಿಕೊಂಡಿದೆಯೇ, ಸ್ಪ್ರಿಂಗ್ ಕುಗ್ಗಿದೆಯೇ, ರಬ್ಬರ್ ರೋಲರ್ ಸವೆದು ಗಟ್ಟಿಯಾಗಿದೆಯೇ ಎಂದು ಬಿಚ್ಚಿ ನೋಡಬೇಕು. ಚೈನ್ ಹೊಸದು ಹಾಕಿ ರೋಲರ್ ಹಳೆಯದನ್ನೇ ಬಿಡುವ ಉಳಿತಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಟ್ಯಾಪೆಟ್ಟನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಎರಡೂ ರಾಕರುಗಳು (ವಾಲ್ವುಗಳನ್ನು ಒತ್ತುವ ತೋಳುಗಳು) ಸಡಿಲವಾಗಿರುವ ಕಂಪ್ರೆಷನ್ ಹಂತದಲ್ಲಿಯೇ ಹೊಂದಿಸಿ.