ಬಾಯಿಲ್ಲದ ಹುಳು ನಾಲ್ಕನೇ ಪುಟದಲ್ಲಿ ಯಾಕೆ ಅಡಗಿದೆ?

ನಮಸ್ಕಾರ.

ಕಡಲಾಳದ ಬಿಸಿನೀರಿನ ಬುಗ್ಗೆಗಳ ಹತ್ತಿರ ಬದುಕುವ ದೈತ್ಯ ಕೊಳವೆ ಹುಳು ರಿಫ್ಟಿಯಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಪುಟವಿಡೀ 'ಪ್ರಕೃತಿಯ ಮಡಿಲಲ್ಲಿ ಅದೆಷ್ಟು ವಿಸ್ಮಯಗಳೋ' ಅನ್ನುವುದರಲ್ಲೇ ಮುಗಿದಿದೆ. ಎಣಿಸಿದೆ, 'ವಿಸ್ಮಯ' ಹನ್ನೊಂದು ಸಲ ಬಂದಿದೆ. ಓದುವವರಿಗೆ ಒಂದು ಸಲವೂ ಬೆರಗಾಗುವುದಿಲ್ಲ. ಆಮೇಲೆ ನಾಲ್ಕನೇ ಪುಟದಲ್ಲಿ, ಮಾತಿಗೆ ಮಾತು ಬಂತು ಅನ್ನೋ ಹಾಗೆ, 'ಇದಕ್ಕೆ ಬಾಯಿ, ಕರುಳು ಇಲ್ಲ' ಅಂತ ಬರೆದಿದ್ದೀರಿ. ಅಲ್ರೀ, ಎರಡು ಮೀಟರ್‌ವರೆಗೆ ಬೆಳೆಯುವ ಪ್ರಾಣಿಗೆ ಬಾಯೇ ಇಲ್ಲ ಅಂದರೆ ಅದು ಮೊದಲ ಸಾಲಲ್ವಾ?

1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2500 ಮೀಟರ್ ಆಳದಲ್ಲಿ ಇದು ಕಂಡಿತು ಅಂತ ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಿ. ಆ ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ, ಹೋದವರು ಬುಗ್ಗೆ ಹುಡುಕಲು ಹೊರಟ ಭೂವಿಜ್ಞಾನಿಗಳು. ಸಿಕ್ಕ ಜೀವಿಗಳು ಕೆಡದಂತೆ ಇಡಲು ರಾಸಾಯನಿಕ ಸಾಲದೆ, ಪನಾಮಾದಲ್ಲಿ ಕೊಂಡಿದ್ದ ರಷ್ಯನ್ ವೋಡ್ಕಾದಲ್ಲಿ ಅದ್ದಿಟ್ಟರು. ಇದನ್ನು ಬಿಟ್ಟು ವಿಸ್ಮಯ ಎಲ್ಲಿ ಹುಡುಕುತ್ತಿದ್ದೀರಿ?

ಇನ್ನೊಂದು ದೃಶ್ಯವೂ ನಿಮ್ಮ ಕೈತಪ್ಪಿದೆ. ಈ ಹುಳುವನ್ನು ಅಧ್ಯಯನ ಮಾಡುತ್ತಿದ್ದ ಪ್ರಾಣಿವಿಜ್ಞಾನಿ ಮೆರೆಡಿತ್ ಜೋನ್ಸ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಾ, ಹುಳುವಿನ ಒಳಗೆ ಗಂಧಕದ ಹರಳು ಸಿಕ್ಕಿವೆ ಅಂದರು. ಕೇಳುತ್ತಿದ್ದ ವಿದ್ಯಾರ್ಥಿನಿ ಕಾಲೀನ್ ಕ್ಯಾವನಾ ಎದ್ದು ನಿಂತು, ಹಾಗಾದರೆ ಒಳಗೆ ಗಂಧಕದಿಂದ ಬದುಕುವ ಬ್ಯಾಕ್ಟೀರಿಯಾ ಇರಲೇಬೇಕು ಅಂದುಬಿಟ್ಟರು. 1981ರಲ್ಲಿ ಅದರ ಪ್ರಬಂಧವೂ ಬಂತು. ಹುಳುವಿಗೆ ಅನ್ನ ಬೇಯಿಸಿ ಹಾಕುವವು ಆ ಬ್ಯಾಕ್ಟೀರಿಯಾಗಳೇ.

ಇನ್ನು ತಪ್ಪುಗಳು. 'ಸೂರ್ಯನ ಹಂಗೇ ಇಲ್ಲದ ಜೀವಿ' ಅಂದಿದ್ದೀರಿ. ಕೇಳಲು ಚೆನ್ನಾಗಿದೆ, ನಿಜವಲ್ಲ. ಬುಗ್ಗೆಯ ನೀರಲ್ಲಿರುವ ಗಂಧಕದ ಸಂಯುಕ್ತ ಸಲ್ಫೈಡ್‌ನಿಂದ ಶಕ್ತಿ ತೆಗೆಯಲು ಆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು. ಅದು ಮೇಲೆ ಬಿಸಿಲಲ್ಲಿ ಹಸಿರು ಜೀವಿಗಳು ಬಿಟ್ಟಿದ್ದು. ಹುಳುವಿನ ಕೆಂಪು ಗರಿಯಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕ, ಸಲ್ಫೈಡ್ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಹಿಡಿದು ಒಟ್ಟಿಗೇ ಒಯ್ಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಆ ಸಲ್ಫೈಡ್ ನಮಗಾದರೆ ವಿಷ. ಈ ಜಾಗದಲ್ಲಿ ನಿಧಾನಿಸಿ, ಒಂದು ಪ್ಯಾರಾ ಜಾಸ್ತಿಯೇ ಬರೆಯಿರಿ.

'ತಾಯಿಯಿಂದ ಮರಿಗೆ ಬ್ಯಾಕ್ಟೀರಿಯಾ ಬಳುವಳಿ' ಅನ್ನುವುದೂ ತಪ್ಪು. ಮರಿ ಹುಟ್ಟುವಾಗ ಬರಿಗೈ. ನೆಲೆ ನಿಂತ ಮೇಲೆ ಸುತ್ತಲ ನೀರಲ್ಲಿರುವ ಬ್ಯಾಕ್ಟೀರಿಯಾ ಅದರ ಚರ್ಮದ ಮೂಲಕ ಒಳಗೆ ನುಗ್ಗುತ್ತವೆ. ಎಳೆಯ ಹುಳುವಿಗೆ ಸ್ವಲ್ಪ ಕಾಲ ಮಾತ್ರ ಇರುವ ಬಾಯಿಂದ ಹೋಗುತ್ತವೆ ಅಂತ ಹಿಂದೆ ನಂಬಿದ್ದರು, 2006ರಲ್ಲಿ ಅದು ಬದಲಾಯಿತು.

ವಂಶವಾಹಿಗಳ ಭಾಗ ಎಲ್ಲಕ್ಕಿಂತ ಸಪ್ಪೆ. 'ಪರಿಸರಕ್ಕೆ ತಕ್ಕಂತೆ ಡಿಎನ್‌ಎ ಬದಲಾಗಿದೆ' ಅಂತ ಯಾವ ಪ್ರಾಣಿಯ ಬಗ್ಗೆ ಬೇಕಾದರೂ ಬರೆಯಬಹುದು. ಏನು ಬದಲಾಗಿದೆ ಹೇಳಿ. ಈ ಹುಳುವಿನ ಜೀನೋಮ್, ಅಂದರೆ ಇಡೀ ಡಿಎನ್‌ಎ ಓದಿದಾಗ, ಹೆಚ್ಚಿದ ಜೀನ್ ಕುಟುಂಬಗಳಿಗಿಂತ (ಒಂದೇ ಮೂಲದ ವಂಶವಾಹಿಗಳ ಗುಂಪುಗಳಿಗಿಂತ) ಕುಗ್ಗಿದ ಕುಟುಂಬಗಳೇ ಜಾಸ್ತಿ ಕಂಡವು. ಹೆಚ್ಚಿದ್ದು ಎಲ್ಲಿ? ಆಮ್ಲಜನಕ ಹೊರುವ, ವಿಷ ತೊಡೆಯುವ, ಜೀವಕೋಶದೊಳಗೆ ಅರಗಿಸುವ ಕೆಲಸಗಳಲ್ಲಿ. ಅಂದರೆ ಹುಳು ತನ್ನ ಬಾಡಿಗೆದಾರರಾದ ಆ ಬ್ಯಾಕ್ಟೀರಿಯಾಗಳನ್ನೇ ಅರಗಿಸಿಕೊಳ್ಳುತ್ತದೆ! ಮೈಯ ನಕ್ಷೆ ಬರೆಯುವ ಹಾಕ್ಸ್ ಜೀನ್‌ಗಳ ಸಾಲು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಕರುಳು ಹೋಯಿತು, ನಕ್ಷೆ ಹೋಗಲಿಲ್ಲ. ಇದು ನನಗೂ ಹೊಸದು, ನಿಮ್ಮ ಲೇಖನ ನೋಡಿದ ಮೇಲೆ ಹುಡುಕಿ ಓದಿದೆ.

ಅರ್ಧಕ್ಕೆ ಇಳಿಸಿ, ಮತ್ತೆ ಕಳಿಸಿ. ಚಿತ್ರವನ್ನೂ ಬದಲಿಸಿ. ನೀವು ಲಗತ್ತಿಸಿರುವುದು ಪಾಂಪೇ ಹುಳು ಅನ್ನುವ ಬೇರೊಂದು ಜೀವಿಯದು. ಅದಕ್ಕೆ ಬಾಯಿದೆ.