ಬೇರೆಯವರ ಫೋಟೋ ನೋಡಿ ಬೀದಿ ಫೋಟೋಗ್ರಫಿ ಕಲಿಯಬಹುದಾ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿದ್ದೀರಿ, ಕೈಯಲ್ಲಿ ಹಳೇ ಕ್ಯಾಮೆರಾ ಇದೆ, ಕಲಿಸುವವರು ಯಾರೂ ಇಲ್ಲ. ದೊಡ್ಡವರ ಫೋಟೋ ನೋಡಿಯೇ ಕಲಿಯಬಹುದಾ, ಹಾಗೆ ಮಾಡಿದರೆ ಕಾಪಿ ಹೊಡೆದ ಹಾಗೆ ಆಗುವುದಿಲ್ವಾ ಅಂತ.

ಕಲಿಯಬಹುದು. ನಾನು ಕಲಿತದ್ದೇ ಹಾಗೆ. ಆದರೆ ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಇನ್ನೂರು ಫೋಟೋ ಸರಸರ ಸರಿಸಿದರೆ ಏನೂ ಬರುವುದಿಲ್ಲ. ಎರಡು ವರ್ಷ ನಾನು ಅದನ್ನೇ ಮಾಡಿದೆ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ವಾರಕ್ಕೆ ಒಂದೇ ಫೋಟೋ ಅಂತ ಮಾಡಿಕೊಂಡೆ. ಪ್ರಿಂಟ್ ಹಾಕಿಸಿ ಅಡುಗೆಮನೆ ಗೋಡೆಗೆ ಅಂಟಿಸುವುದು, ಬೆಳಿಗ್ಗೆ ಚಹಾ ಕುದಿಯುವಷ್ಟು ಹೊತ್ತು ಅದನ್ನೇ ನೋಡುವುದು, ಅಷ್ಟೇ.

ಮೊದಲು ಅಂಟಿಸಿದ್ದು ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ಟಿಯೇ ಬ್ರೆಸೋನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದದ್ದು. ಒಬ್ಬ ಮನುಷ್ಯ ನಿಂತ ನೀರಿನ ಮೇಲೆ ಹಾರುತ್ತಿದ್ದಾನೆ. ಮೊದಲ ದಿನ ಕಂಡದ್ದು ಅಷ್ಟೇ. ಮರುದಿನ ಅವನ ಹಿಮ್ಮಡಿ ನೋಡಿದೆ, ನೀರಿಗೆ ತಾಗಲು ಕೂದಲೆಳೆಯಷ್ಟು ಬಾಕಿ. ನಾಲ್ಕನೇ ದಿನ ಹಿಂದಿನ ಗೋಡೆಯ ಪೋಸ್ಟರ್ ಕಂಡಿತು, ಅದರಲ್ಲೂ ಒಬ್ಬರು ನರ್ತಕರು ಹೀಗೇ ಜಿಗಿಯುತ್ತಿದ್ದಾರೆ! ಬೇಲಿಯ ಸಂದಿಯಲ್ಲಿ ಲೆನ್ಸ್ ಇಟ್ಟು ತೆಗೆದ ಫೋಟೋ ಅದು ಅಂತ ಆಮೇಲೆ ಓದಿದೆ. ಅವತ್ತಿನಿಂದ ಯಾವ ಫೋಟೋ ನೋಡಿದರೂ ಕೇಳುವ ಪ್ರಶ್ನೆ ಒಂದೇ: ಇವರು ಎಲ್ಲಿ ನಿಂತಿದ್ದರು, ಯಾವುದಕ್ಕೆ ಕಾದರು?

ಇನ್ನು ಕಾಪಿ ವಿಷಯ. ಧೈರ್ಯವಾಗಿ ಕಾಪಿ ಮಾಡಿ. ರಘು ರಾಯ್ 1995ರಲ್ಲಿ ಮುಂಬೈಯ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ತೆಗೆದ ಫೋಟೋ ಒಂದಿದೆ. ಶಟರ್ ನಿಧಾನ ಇಟ್ಟದ್ದರಿಂದ, ಅಂದರೆ ಹೆಚ್ಚು ಹೊತ್ತು ತೆರೆದಿಟ್ಟದ್ದರಿಂದ, ಇಡೀ ಜನಸಂದಣಿ ಹೊಗೆ ಹರಿದ ಹಾಗೆ ಕಾಣುತ್ತದೆ, ನಡುವೆ ಪೇಪರ್ ಓದುತ್ತಿರುವವರು ಮಾತ್ರ ಸ್ಪಷ್ಟ. ನಾನು ಇದನ್ನೇ ಮಾಡಬೇಕು ಅಂತ ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋದೆ. ಕಂಬಕ್ಕೆ ಕ್ಯಾಮೆರಾ ಒತ್ತಿ ಹಿಡಿದು ಕಾಲು ಸೆಕೆಂಡಿನಲ್ಲಿ ತೆಗೆದೆ. ಬರೀ ಕಲಸುಮೇಲೋಗರ. ಮೂರು ಸಂಜೆ ಹೋದರೂ ಅದೇ ಕತೆ. ಮನೆಗೆ ಬಂದು ಗೋಡೆಯ ಪ್ರಿಂಟ್ ಮತ್ತೆ ನೋಡಿದಾಗ ಹೊಳೆಯಿತು, ಆ ಫೋಟೋ ನಿಂತಿರುವುದು ಓಡುವವರ ಮೇಲೆ ಅಲ್ಲ, ಅಲುಗಾಡದವರ ಮೇಲೆ. ನನ್ನ ಫ್ರೇಮಿನಲ್ಲಿ ಸುಮ್ನೆ ನಿಂತವರು ಒಬ್ಬರೂ ಇರಲಿಲ್ಲ.

ಆ ವಾರವೇ ಬೆಳಿಗ್ಗೆ ಬಂದರಿನ ದಕ್ಕೆಗೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಹೋದೆ. ಮೀನಿನ ಏಲಂ ನಡೆಯುತ್ತಿತ್ತು, ಬುಟ್ಟಿ ಹೊತ್ತವರು ಅತ್ತಿಂದಿತ್ತ ಓಡುತ್ತಿದ್ದರು, ಐಸ್ ಪುಡಿ ಮಾಡುವ ಸದ್ದು, ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ. ಅದರ ಮಧ್ಯೆ ಬಂಗುಡೆ ಬುಟ್ಟಿಯ ಪಕ್ಕ ಒಬ್ಬರು ಅಜ್ಜಿ ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದರು, ಒಂದೊಂದೇ ನೋಟು, ತೀರಾ ನಿಧಾನವಾಗಿ. ಹತ್ತಿರ ಹೋಗಿ 'ಒಂಜಿ ಫೋಟೋ ದೆಪ್ಪೊಲಿಯಾ?' (ಒಂದು ಫೋಟೋ ತೆಗೆಯಬಹುದಾ?) ಅಂತ ತುಳುವಿನಲ್ಲಿ ಕೇಳಿದೆ, ತಲೆಯಾಡಿಸಿ ಮತ್ತೆ ಎಣಿಸಲು ಕೂತರು. ಹನ್ನೆರಡು ತೆಗೆದೆ, ಒಂದು ಬಂತು. ಅದರಲ್ಲಿ ಚರ್ಚ್‌ಗೇಟ್ ಯಾರಿಗೂ ಕಾಣುವುದಿಲ್ಲ, ಆದರೆ ಆ ಫೋಟೋ ನೋಡಿರದಿದ್ದರೆ ಆ ಅಜ್ಜಿ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಂ, ಕೇಳಿದರೆ ಫೋಟೋ ಹಾಳಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೇಳಿ, ಐದು ನಿಮಿಷ ಅಲ್ಲೇ ಇದ್ದರೆ ಅವರು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಮರಳುತ್ತಾರೆ. ಬೇಡ ಅಂದರೆ ಬೇಡ.

ಮಳೆಗಾಲಕ್ಕೆ ಸಾಲ್ ಲೈಟರ್ ಅವರ ಫೋಟೋ ನೋಡಿ. 1950ರ ದಶಕದ ನ್ಯೂಯಾರ್ಕನ್ನು ಬಣ್ಣದಲ್ಲಿ ತೆಗೆದವರು, ಹಬೆ ಹಿಡಿದ ಗಾಜಿನ ಹಿಂದಿನಿಂದ, ಕೊಡೆಯ ಕೆಳಗಿನಿಂದ. ನಮ್ಮಲ್ಲಿ ಗಾಜಿಗೆ ಹಬೆ ಹಿಡಿಯಲು ಏನು ಕೊರತೆ! ಹಂಪನಕಟ್ಟೆಯಲ್ಲಿ ಯಾವುದಾದರೂ ಹೋಟೆಲಿನ ಕಿಟಕಿ ಪಕ್ಕ ಒಂದು ಚಹಾ ಹೇಳಿ ಕೂತರೆ ಸಾಕು.

ಒಂದು ಎಚ್ಚರ. ಎಲ್ಲಾ ಫೋಟೋ ಬೀದಿಯಲ್ಲಿ ಸಿಕ್ಕಿದ್ದಲ್ಲ. ಹಾಂಗ್‌ಕಾಂಗಿನಲ್ಲಿ ಫ್ಯಾನ್ ಹೋ ಅವರು ತೆಗೆದ, ಗೋಡೆಯ ಮೇಲೆ ಓರೆಯಾಗಿ ನೆರಳು ಬಿದ್ದ 1954ರ ಪ್ರಸಿದ್ಧ ಫೋಟೋ ಇದೆಯಲ್ಲಾ, ಆ ನೆರಳನ್ನು ಆಮೇಲೆ ಪ್ರಿಂಟ್ ಮಾಡುವಾಗ ಡಾರ್ಕ್‌ರೂಮಿನಲ್ಲಿ ಸೇರಿಸಿದ್ದು. ಗೋಡೆ ಪಕ್ಕ ನಿಂತ ಹುಡುಗಿಯನ್ನೂ ಅವರೇ ನಿಲ್ಲಿಸಿದ್ದು. ಇದು ಗೊತ್ತಿಲ್ಲದೆ ರಥಬೀದಿಯ ಗೋಡೆಗಳ ಮುಂದೆ ಅಂಥ ನೆರಳಿಗಾಗಿ ಎಷ್ಟೋ ಮಧ್ಯಾಹ್ನ ಕಾದಿದ್ದೇನೆ.

ಮತ್ತೆ ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ಬಿಡಬೇಡಿ. ಸಾಮಾನ್ಯ ಜನರನ್ನು, ಮಕ್ಕಳನ್ನು ಅವರಷ್ಟು ಪ್ರೀತಿಯಿಂದ ನೋಡಿದವರು ಕಡಿಮೆ. ಅವರ ಫೋಟೋ ನೋಡಿದ ಮೇಲೆಯೇ ನಾನು ಜೂಮ್ ಲೆನ್ಸ್ ಮನೆಯಲ್ಲಿ ಬಿಟ್ಟು ಹತ್ತಿರ ಹೋಗಿ ನಿಲ್ಲಲು ಶುರು ಮಾಡಿದ್ದು.

ದಕ್ಕೆಯಿಂದಲೇ ಶುರು ಮಾಡುವುದಾದರೆ ಬೆಳಿಗ್ಗೆ ಬೇಗ ಹೋಗಿ, ಜಾರದ ಚಪ್ಪಲಿ ಹಾಕಿ, ನೆಲವೆಲ್ಲ ಮೀನಿನ ನೀರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಬೋಟುಗಳು ದಡದಲ್ಲೇ ಇರುತ್ತವೆ, ಈ ಗೌಜಿ ಇರುವುದಿಲ್ಲ. ಬಲೆ ನೇಯುವವರು ಸಿಗುತ್ತಾರೆ, ಮಾತಾಡಲು ಅವರಿಗೂ ಆಗ ಹೊತ್ತಿರುತ್ತದೆ.